ದುಂಡಪ್ಪನ ಹಟದ ಪೆಟ್ಟಿಗೆ

ಪುಷ್ಯದ ಚಳಿಯಲ್ಲಿ ಕಬ್ಬಿನ ಎಲೆ ಕೈಗೆ ತಾಗಿದರೆ ಅಲಗು ತಾಗಿದ ಹಾಗೆ. ಕಡಿಯುವ ಗ್ಯಾಂಗಿನವರು ತಲೆಗೆ ಟವೆಲ್ಲು ಸುತ್ತಿಕೊಂಡು ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಇಳಿದಿದ್ದರು. ಕೊಯ್ತಾ ಕತ್ತಿ ಬೀಳುವ ಸಪ್ಪಳ, ಕಬ್ಬು ನೆಲಕ್ಕೆ ಒರಗುವ ಸಪ್ಪಳ, ನಡುನಡುವೆ ಯಾರದೋ ಕೆಮ್ಮು. ನನ್ನ ಎರಡು ಟ್ರೇಲರುಗಳಲ್ಲಿ ಹಿಂದಿನದು ತುಂಬಿತ್ತು, ಮುಂದಿನದು ಅರ್ಧವಾಗಿತ್ತು. ಕಬ್ಬು ತುಂಬುವಾಗ ಟ್ರ್ಯಾಕ್ಟರ್ ಹೊಡೆಯುವವನಿಗೆ ಕೆಲಸವಿಲ್ಲ. ಬದುವಿನ ಮೇಲೆ ಕೂತು ಕಾಯುವುದು, ಬಿಸಿಲು ಬಂದ ಕಡೆಗೆ ಸರಿಯುವುದು, ಅಷ್ಟೇ.

ಆಗ ದುಂಡಪ್ಪ ರಸ್ತೆಯಂಚಿನ ತನ್ನ ಶೆಡ್ಡಿನ ಬಾಗಿಲಲ್ಲಿ ನಿಂತು ನನ್ನತ್ತ ಟವೆಲ್ಲು ಬೀಸಿದ.

ದುಂಡಪ್ಪ ನನ್ನ ಪಕ್ಕದ ಮನೆಯವ. ನನ್ನ ಹಾಗೆಯೇ ಒಂದು ಟ್ರ್ಯಾಕ್ಟರ್ ಇಟ್ಟುಕೊಂಡು ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾನೆ. ಬಿಡುವಿದ್ದರೆ ಊರವರ ಟೇಪು, ಸ್ಪೀಕರು ರಿಪೇರಿ ಮಾಡುತ್ತಾನೆ. ಬಿಡುವು ಇನ್ನೂ ಹೆಚ್ಚಾದರೆ ಯಂತ್ರ ಕಂಡುಹಿಡಿಯುತ್ತಾನೆ. ಗಿಣಿ ಓಡಿಸಲಿಕ್ಕೆ ಅವನು ಮಾಡಿದ ಯಂತ್ರದ ದನಿಗೆ ಸುತ್ತಲಿನ ಊರುಗಳ ಗಿಣಿಗಳೆಲ್ಲ ಬಂದು, ಗೋವಿನಜೋಳ ತಿಂದು, ಸಂಜೆ ಆ ಯಂತ್ರದ ಮೇಲೆಯೇ ಕೂತು ನಿದ್ದೆ ಮಾಡಿದ್ದವು. ರೊಟ್ಟಿ ತಟ್ಟುವ ಯಂತ್ರ ತಟ್ಟಿದ ಮೊಟ್ಟಮೊದಲ ರೊಟ್ಟಿ ಇವತ್ತಿಗೂ ಅವರ ಅಡುಗೆಮನೆಯ ತೊಲೆಗೆ ಅಂಟಿಕೊಂಡಿದೆ. ದುಂಡಪ್ಪನ ಹೆಂಡತಿ ನೀಲವ್ವ ದೀಪಾವಳಿಗೆ ಸುಣ್ಣ ಹಚ್ಚುವಾಗ ಅದಕ್ಕೂ ಒಂದು ಕೈ ಹಚ್ಚುತ್ತಾಳೆ.

ಹೀಗಾಗಿ ನಾನು ಅವಸರ ಮಾಡದೆ ಎದ್ದು ಹೋದೆ.

ಮೇಜಿನ ಮೇಲೆ ಟ್ರ್ಯಾಕ್ಟರಿನ ಬ್ಯಾಟರಿಯಷ್ಟು ದೊಡ್ಡದೊಂದು ತಗಡಿನ ಪೆಟ್ಟಿಗೆ ಇತ್ತು. ಮುಂದುಗಡೆ ಒಂದು ತಿರುಗಿಸುವ ಗುಂಡಿ. ಅದರ ಕೆಳಗೆ ಬಿಳಿ ಬಣ್ಣದಲ್ಲಿ 'ಹಟ' ಎಂದು ಬರೆದಿತ್ತು.

"ಕಾಡಪ್ಪಾ, ಇದನ್ನ ನಿನ್ನ ಟ್ರ್ಯಾಕ್ಟರಿಗೆ ಕಟ್ಟತೀನಿ. ಇನ್ನೊಂದ ನನ್ನ ಟ್ರ್ಯಾಕ್ಟರಿಗೆ. ಇಬ್ಬರೂ ಗಾಡಿ ಹೊಡಕೋಂತನ ಮಾತಾಡೂಣು."

"ಮಾತಾಡಾಕ ಮೊಬೈಲ್ ಐತೆಲ್ಲೋ."

"ಕಬ್ಬಿನ ನಡಕ ಮೊಬೈಲ್ ಹತ್ತತೈತೇನು? ಇಂಜಿನ್ ಸಪ್ಪಳದಾಗ ಕೇಳತೈತೇನು? ಏರಿನಾಗ ಸ್ಟೇರಿಂಗ್ ಹಿಡೀತೀಯೋ, ಮೊಬೈಲ್ ಹಿಡೀತೀಯೋ?"

"ಅದಕ್ಕ ಟವೆಲ್ ಬೀಸತೀವಿ."

ಟವೆಲ್ಲಿನ ಮಾತು ಬಂದ ಕೂಡಲೇ ಅವನ ಮುಖ ಸಣ್ಣದಾಯಿತು. ನಾನು ಅದನ್ನು ಎತ್ತಬಾರದಿತ್ತು. ಅವನು ಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತ ಹೇಳಿದ: "ನೋಡು, ರೇಡಿಯೋದ ದನಿ ಅಂದ್ರ ಮೆತ್ತನ ಮನಷ್ಯಾ ಇದ್ದಂಗ. ಕಬ್ಬ ಅಡ್ಡ ಬಂತು, ಹೊಳ್ಳಿ ಹೋತು. ಕಬ್ಬಿಣದ ಟ್ರೇಲರ್ ಅಡ್ಡ ಬಂತು, ಹೊಳ್ಳಿ ಹೋತು. ಗಾಡಿ ಓಡಾಕತ್ತಿದ್ರಂತೂ ಅದಕ್ಕ ದಾರೀನ ತಿಳಿಯೂದಿಲ್ಲ. ಶಕ್ತಿ ಐತಿ, ಹಟ ಇಲ್ಲ. ನಾ ಹಟ ಹಾಕೀನಿ."

"ಎಲ್ಲಿಂದ ತಂದಿ?"

"ನಮ್ಮ ಅವ್ವಂದು."

ಅವನ ಅವ್ವನನ್ನು ಬಲ್ಲ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಮುದುಕಿ ಮಕ್ಕಳನ್ನು ಊಟಕ್ಕೆ ಕರೆಯಲು ಹಿತ್ತಿಲಲ್ಲಿ ನಿಂತರೆ, ಮಕ್ಕಳು ಓ ಅನ್ನುವವರೆಗೆ ನಿಲ್ಲಿಸುತ್ತಿರಲಿಲ್ಲ. ಓಣಿಯ ಉಳಿದ ಹುಡುಗರೆಲ್ಲ ಬಂದು ಉಂಡು ಹೋದರೂ ನಿಲ್ಲಿಸುತ್ತಿರಲಿಲ್ಲ.

ಪೆಟ್ಟಿಗೆಯೂ ಹಾಗೇ. ಮಾತಿನಲ್ಲಿ ಯಾರ ಹೆಸರಿದೆಯೋ ಅವರನ್ನು ಅದು ಹುಡುಕುತ್ತದೆ. ಸಿಗದಿದ್ದರೆ ಮಾತನ್ನು ಬಿಡದೆ ಒಳಗೇ ಹಿಡಿದುಕೊಂಡಿರುತ್ತದೆ. ದಾರಿಯಲ್ಲಿ ಎದುರಾದ ಇನ್ನೊಂದು ಗಾಡಿಗೆ ದಾಟಿಸುತ್ತದೆ, ಅದು ಮತ್ತೊಂದಕ್ಕೆ. ಕೊನೆಗೆ ಆ ಮನುಷ್ಯ ಸಿಕ್ಕಿ ತನ್ನ ಬಾಯಿಂದ ಓ ಅನ್ನಬೇಕು. ಅನ್ನುವವರೆಗೆ ಅದೇ ಮಾತು, ಪ್ರತಿ ಸಲ ಒಂದು ಗುಂಜಿ ಜೋರಾಗಿ.

"ಇನ್ನೊಂದ ಐತಿ," ಎಂದ ದುಂಡಪ್ಪ. "ಓ ಅನ್ನೂತನಾ ನಿನ್ನ ಮಾತ ಹೊರಗ ಹೋಗೂದಿಲ್ಲ. ಮೊದಲ ಕೇಳಿದ್ದಕ್ಕ ಓ ಅನ್ನು, ಆಮ್ಯಾಲೆ ನಿಂದು ಹೇಳು. ಇದೂ ಅವ್ವಂದ."

ನನ್ನ ದನಿ ಗುರುತಾಗಲಿ ಎಂದು ಪೆಟ್ಟಿಗೆಯ ಮುಂದೆ ಕೂರಿಸಿ ಓ ಅನ್ನಿಸಿದ. ಮೂಗು ಕಟ್ಟಿದೆ ಎಂದು ಬೈದು ಮತ್ತೊಮ್ಮೆ ಅನ್ನಿಸಿದ. ಆಗ ಮೇಜಿನ ಮೇಲೆ ಒಂದು ಹಳೆಯ ಕ್ಯಾಸೆಟ್ಟು ಕಂಡಿತು. ನಮ್ಮ ಊರಿನ ಭಜನೆಯದು. ಅದರಲ್ಲಿ ತಾರಕದ ದನಿ ದುಂಡಪ್ಪನ ತಮ್ಮ ರೇವಪ್ಪನದು.

"ಇದ್ಯಾಕ ಇಲ್ಲೈತಿ?" ಎಂದೆ.

"ಮೊದಲ ಒಂದ ದನಿ ಹಾಕಿ ನೋಡಬೇಕಾಗಿತ್ತು. ಕೈಗೆ ಇದು ಸಿಕ್ತು," ಎಂದ ದುಂಡಪ್ಪ, ಕ್ಯಾಸೆಟ್ಟನ್ನು ಸರಕ್ಕನೆ ಡ್ರಾಯರಿಗೆ ಹಾಕಿ.

ನಾನು ಹೊಲಕ್ಕೆ ಮರಳಿ ಟ್ರ್ಯಾಕ್ಟರ್ ಹತ್ತಿದೆ. ಪೆಟ್ಟಿಗೆ ಗೊರಗೊರ ಅಂದು, "ಕಾಡಪ್ಪಾ, ಎಷ್ಟ ತುಂಬೈತಿ?" ಎಂದಿತು. ದುಂಡಪ್ಪ ಪಕ್ಕದಲ್ಲಿ ಕೂತು ಕೇಳಿದಷ್ಟು ಸ್ಪಷ್ಟ. ನಾನು "ಮುಕ್ಕಾಲು" ಎಂದೆ. ಪೆಟ್ಟಿಗೆ ಒಪ್ಪಲಿಲ್ಲ. "ಕಾಡಪ್ಪಾ, ಎಷ್ಟ ತುಂಬೈತಿ?" ಮೂರನೆಯ ಸಲಕ್ಕೆ ಗ್ಯಾಂಗಿನವರು ಕೊಯ್ತಾ ಬಿಟ್ಟು ನನ್ನತ್ತ ನೋಡಿದರು. ನಾಲ್ಕನೆಯದಕ್ಕೆ ಬೆಳ್ಳಕ್ಕಿಗಳು ಎದ್ದವು. ಕೊನೆಗೆ ಓ ಎಂದೆ. ತಕ್ಷಣ ಸುಮ್ಮನಾಯಿತು, ಸೆರಗು ಸರಿಮಾಡಿಕೊಂಡು ಒಳಗೆ ಹೋದ ಅವ್ವನ ಹಾಗೆ.

*

ದುಂಡಪ್ಪನ ಮುಖ ಯಾಕೆ ಸಣ್ಣದಾಯಿತು ಎಂದು ಹೇಳಬೇಕು.

ನಮ್ಮೂರಿನಿಂದ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಕೆಮ್ಮಣ್ಣೇರು ಅಂತ ಒಂದು ಏರು. ಎರಡು ತುಂಬಿದ ಟ್ರೇಲರ್ ಎಳೆದುಕೊಂಡು ಒಂದೇ ಟ್ರ್ಯಾಕ್ಟರ್ ಅದನ್ನು ಹತ್ತುವುದಿಲ್ಲ. ಮುಂದೆ ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಹಾಕಿ ಜೋಡಿ ಎಳೆಯಬೇಕು. ಈ ಎಳೆತಕ್ಕೆ ರೊಕ್ಕವಿಲ್ಲ. ಇವತ್ತು ನೀನು ನನಗೆ ಎಳೆದರೆ ನಾಳೆ ನಾನು ನಿನಗೆ ಎಳೆಯಬೇಕು. ಹೊಲದ ಕೆಲಸದ ಮುಯ್ಯದ ಹಾಗೇ ಇದೂ ಮುಯ್ಯ. ಅದರಲ್ಲೂ ಒಂದು ಕಟ್ಟಳೆ ಇದೆ. ಏರು ಹತ್ತುವಾಗ ಎಳೆತ ಅರ್ಧಕ್ಕೆ ನಿಂತರೆ, ಅದನ್ನು ಅವರಿಬ್ಬರೇ ಪೂರ್ತಿ ಮಾಡಬೇಕು. ಅಲ್ಲಿಯವರೆಗೆ ಆ ಏರಿನಲ್ಲಿ ಅವರ ನಡುವೆ ಮೂರನೆಯವನ ಸರಪಳಿ ಬೀಳಬಾರದು.

ನಾಲ್ಕು ವರ್ಷದ ಹಿಂದೆ ಅಣ್ಣ ದುಂಡಪ್ಪ ಮುಂದೆ, ತಮ್ಮ ರೇವಪ್ಪ ಹಿಂದೆ ಆ ಏರು ಹತ್ತುತ್ತಿದ್ದರು. ನಡುವೆ ರೇವಪ್ಪನ ಹಿಂದಿನ ಟ್ರೇಲರಿನ ಪಿನ್ನು ಕಳಚುತ್ತ ಬಂತು. ರೇವಪ್ಪ ಟವೆಲ್ಲು ಬೀಸಿದ, ಒದರಿದ. ದುಂಡಪ್ಪನ ಟ್ರ್ಯಾಕ್ಟರಿನಲ್ಲಿ ಎರಡು ಆಳೆತ್ತರದ ಸ್ಪೀಕರು ಹಾಡುತ್ತಿದ್ದವು. ಅವನು ಎಳೆದೇ ಎಳೆದ. ಟ್ರೇಲರ್ ಉರುಳಿತು, ರೇವಪ್ಪ ಹಾರಿಕೊಂಡ, ಬಲಗಾಲು ಮುರಿಯಿತು. ಆಸ್ಪತ್ರೆಯಲ್ಲಿ ಅವನು ಅಣ್ಣನಿಗೆ ಕೇಳಿದ್ದು ಒಂದೇ ಮಾತು: "ಒದರಿದ್ದು ಕೇಳಲಿಲ್ಲೇನು?"

"ಇಲ್ಲೋ."

"ಆಚೆ ಗುಡ್ಡದಾಗ ಕುರಿ ಕಾಯಾವಗ ಕೇಳೈತಿ."

ಅಷ್ಟೇ. ಆಮೇಲೆ ಮಾತಿಲ್ಲ. ರೇವಪ್ಪ ಹಳೆಯ ಮನೆ ಬಿಟ್ಟು ಊರಾಚೆ ಹೊಲದಲ್ಲಿ ಪತ್ರಾಸಿನ ತಗಡಿನ ಮನೆ ಹಾಕಿಕೊಂಡ. ಕುಂಟುಗಾಲಲ್ಲೇ ಟ್ರ್ಯಾಕ್ಟರ್ ಹೊಡೆದ, ಆದರೆ ಏರಿನ ದಾರಿ ಬಿಟ್ಟು ಕಾಲುವೆಯ ಬದಿಯ ಸುತ್ತುದಾರಿ ಹಿಡಿದ. ಆ ದಾರಿಯಲ್ಲಿ ಬೇರೆ ಕಬ್ಬಿನ ಗಾಡಿ ಸಿಗುವುದಿಲ್ಲ. ಕಬ್ಬು ಹೊಡೆಯುವ ಟ್ರ್ಯಾಕ್ಟರುಗಳಲ್ಲಿ ಹಾಡಿಲ್ಲದ್ದು ಅವನದೊಂದೇ. ಟೇಪು, ಸ್ಪೀಕರು, ಎಲ್ಲ ಕಿತ್ತು ಒಗೆದಿದ್ದ.

ಜನ ನಮ್ಮ ಹಾಡಿನ ಗದ್ದಲಕ್ಕೆ ಬೈಯುತ್ತಾರೆ. ಇಡೀ ದಿನ ಒಬ್ಬನೇ ಸೀಟಿನ ಮೇಲೆ ಕೂತು, ಆಮೇಲೆ ಕಾರ್ಖಾನೆಯ ಸಾಲಿನಲ್ಲಿ ಕಬ್ಬು ತೂಗುವ ಕಾಟಾದ ಸರದಿ ಬರುವವರೆಗೆ ಒಬ್ಬನೇ ಕೂತು ನೋಡಿದವರಿಗೆ ಗೊತ್ತು, ಅದು ಹಾಡು ಕೇಳಲಿಕ್ಕೆ ಹಾಕಿದ್ದಲ್ಲ ಎಂದು.

ಮೊದಲು ಆ ಸಾಲಿನಲ್ಲಿ ಅಣ್ಣತಮ್ಮಂದಿರಿಗೆ ಒಂದೇ ಬುತ್ತಿ. ಅದು ದುಂಡಪ್ಪನ ಹತ್ತಿರ ಇರುತ್ತಿತ್ತು. ಹಿಂದೆ ಬಂದ ರೇವಪ್ಪನ ಗಾಡಿ ಕಂಡ ಕೂಡಲೇ ಅವನು "ರೇವ್ಯಾ, ಉಂಡೀ ಏನೋ?" ಎಂದು ಕೂಗುತ್ತಿದ್ದ. ಬುತ್ತಿ ತನ್ನ ಕೈಯಲ್ಲೇ ಇದ್ದಾಗ ತಮ್ಮ ಹೇಗೆ ಉಂಡಾನು? ಆದರೂ ಕೇಳುತ್ತಿದ್ದ.

ಮಾತು ಬಿಟ್ಟ ಮೇಲೂ ನೀಲವ್ವ ಕಟ್ಟುವ ಬುತ್ತಿ ಇಬ್ಬರಿಗಾಗುವಷ್ಟೇ. ದುಂಡಪ್ಪ ಅರ್ಧ ಉಂಡು ಉಳಿದದ್ದನ್ನು ಏನೂ ಅನ್ನದೆ ನನ್ನ ಕಡೆ ಸರಿಸುತ್ತಿದ್ದ. ನಾನು ಏನೂ ಅನ್ನದೆ ತಿನ್ನುತ್ತಿದ್ದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ರೊಟ್ಟಿ ತಟ್ಟುವವರಿಲ್ಲ. ನಾಲ್ಕು ಸುಗ್ಗಿ ರೇವಪ್ಪನ ಪಾಲು ಉಂಡವ ನಾನು.

*

ವಾರದೊಳಗೆ ಊರಿನ ಎಲ್ಲ ಕಬ್ಬಿನ ಟ್ರ್ಯಾಕ್ಟರುಗಳಿಗೆ ಪೆಟ್ಟಿಗೆ ಬಂತು, ರೇವಪ್ಪನದನ್ನು ಬಿಟ್ಟು. ಮೊದಲೆರಡು ದಿನ ಸೊಗಸು. "ಮುಂದ ತಗ್ಗ ಐತಿ", "ಕಾಟಾ ಕೆಟ್ಟೈತಿ, ಸಾವಕಾಶ ಬರ್ರಿ" ಎಂದೆಲ್ಲ ಸುದ್ದಿ. ಮೂರನೆಯ ದಿನ ಮಲಕಾರಿಯ ಪ್ರಸಂಗ ನಡೆಯಿತು.

ಮಲಕಾರಿ ಹೊಸದಾಗಿ ಮದುವೆಯಾದ ಡ್ರೈವರು. ಪೆಟ್ಟಿಗೆ ಬಂದ್ ಆಗಿದೆ ಎಂದುಕೊಂಡು ತನ್ನಷ್ಟಕ್ಕೆ ಗೊಣಗಿದ: "ಬಾಳಪ್ಪ ಮಾವ ಕೊಟ್ಟ ಎಮ್ಮಿ ಥೇಟ್ ಬಾಳಪ್ಪ ಮಾವನಂಗ. ಬರೇ ತಿಂತೈತಿ, ಏನೂ ಕೊಡೂದಿಲ್ಲ." ಬಾಳಪ್ಪ ಪಕ್ಕದೂರಲ್ಲಿ ಹಾಲಿನ ವ್ಯಾನು ಹೊಡೆಯುವವನು. ಅವನ ವ್ಯಾನಿಗೆ ಪೆಟ್ಟಿಗೆ ಇರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಡೇರಿಯ ಮುಂದೆ, ಹಾಲು ಹಾಕಲು ಬಂದ ಹೆಂಗಸರ ಸಾಲಿನೆದುರು, ವ್ಯಾನಿನ ಟೇಪು ತಾನೇ ಚಾಲೂ ಆಗಿ ಅಳಿಯನ ದನಿಯಲ್ಲಿ ಆ ಮಾತು ಹೇಳಿತು. ಬಾಳಪ್ಪ ಟೇಪಿನ ವೈರು ಕಿತ್ತ. ಹಾರ್ನು ಹೇಳಿತು. ಯಾರೋ, "ಓ ಅನ್ನೋ ಮಾರಾಯಾ, ಅಂದ್ರ ನಿಂದ್ರತೈತಂತ" ಎಂದರು.

"ಅದಕ್ಕ ಓ ಅಂದ್ರ ನಾ ಒಪ್ಪಿಕೊಂಡಂಗ ಆಗೂದಿಲ್ಲೇನು?" ಎಂದು ಬಾಳಪ್ಪ ಮಧ್ಯಾಹ್ನದವರೆಗೆ ತಡೆದ. ಕೊನೆಗೆ ಓ ಎಂದ. ಸಂಜೆ ಬಂದು ಎಮ್ಮೆ ಹೊಡೆದುಕೊಂಡು ಹೋದ.

ನಾವೆಲ್ಲ ದುಂಡಪ್ಪನ ಶೆಡ್ಡಿಗೆ ಹೋದೆವು.

"ಪೆಟ್ಟಿಗಿ ಇಲ್ಲದ ಗಾಡಿಗೆ ಹ್ಯಾಂಗ ಹೋತಪ್ಪಾ ಅದು?" ಎಂದು ಮಲಕಾರಿ ಕೇಳಿದ. ಎಮ್ಮೆಯ ಹಗ್ಗ ಇನ್ನೂ ಅವನ ಕೈಯಲ್ಲಿತ್ತು.

ದುಂಡಪ್ಪನ ಕಣ್ಣು ಹೊಳೆಯುತ್ತಿದ್ದವು. "ಸ್ಪೀಕರ್ ಅಂದ್ರ ಬಾಯಿ ಅಷ್ಟ ಅಲ್ಲೋ, ತಿರುಗಾ ಮುರುಗಾ ಮಾಡಿದ್ರ ಕಿವೀನೂ ಹೌದು. ಎಲ್ಲೆಲ್ಲಿ ಸ್ಪೀಕರ್ ಐತೋ ಅಲ್ಲೆಲ್ಲಾ ಪೆಟ್ಟಿಗಿ ಹಾದಿ ಮಾಡಿಕೊಂಡೈತಿ. ನಾ ಕಲಿಸಿಲ್ಲ. ತಾನ ಕಲತೈತಿ."

"ನನ್ನ ಎಮ್ಮಿ?"

"ಹಾಲ ಕೊಡತಿದ್ದಿಲ್ಲಂತೆಲ್ಲ."

"ಹಟ ಕಡಿಮಿ ಮಾಡು," ಎಂದೆ ನಾನು. ಗುಂಡಿ ನೋಡಿದರೆ ಕೊನೆಯವರೆಗೆ ತಿರುಗಿಸಿಟ್ಟಿದ್ದ. ಕಡಿಮೆ ಮಾಡುತ್ತೇನೆ ಎಂದ. ಮಾಡಲಿಲ್ಲ.

*

ಅದಾದ ಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯ ಸಾಲಿನಲ್ಲಿ ನಿಂತಿದ್ದೆವು. ಬಿಸಿಲಿಗೆ ಕಬ್ಬು ಒಣಗಿ ಹುಳಿ ವಾಸನೆ ಬರುತ್ತಿತ್ತು. ದುಂಡಪ್ಪ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಹಾಗೇ ಕೂತಿದ್ದ. ಸಾಲಿನ ತೀರ ಹಿಂದೆ, ಸುತ್ತುದಾರಿಯಿಂದ ಬಂದ ಹಾಡಿಲ್ಲದ ಟ್ರ್ಯಾಕ್ಟರೊಂದು ನಿಂತಿತು. ದುಂಡಪ್ಪ ತಿರುಗಿ ನೋಡಲಿಲ್ಲ. ರೊಟ್ಟಿ ನೋಡುತ್ತ, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ರೇವ್ಯಾ, ಉಂಡೀ ಏನೋ?" ಎಂದ.

ಪೆಟ್ಟಿಗೆ ಗೊರಗೊರ ಅಂದಿತು.

ಅವನು ಬೆಚ್ಚಿ ಗುಂಡಿ ತಿರುಗಿಸಿದ, ವೈರು ಕಿತ್ತ. ತಡವಾಗಿತ್ತು. ಮಾತು ಮುಂದಿನ ಟ್ರ್ಯಾಕ್ಟರಿಗೆ ದಾಟಿತ್ತು. ರೇವಪ್ಪನ ಗಾಡಿಯಲ್ಲಿ ಬಾಯಿಯೂ ಇಲ್ಲ, ಕಿವಿಯೂ ಇಲ್ಲ. ಅಲ್ಲಿಗೆ ಹೋಗಿ ಮುಟ್ಟಲು ದಾರಿಯೇ ಇಲ್ಲದ ಮಾತು ಸಾಲಿನ ಉದ್ದಕ್ಕೂ ಓಡಾಡಿತು, ಕಾರ್ಖಾನೆಯ ಗೇಟು ದಾಟಿತು, ರಸ್ತೆಗೆ ಇಳಿಯಿತು.

ಸಂಜೆ ಹೊತ್ತಿಗೆ ತಾಲೂಕಿಗೆ ಹೋಗುವ ಬಸ್ಸು ಕೇಳಿತು. ಬೆಳಿಗ್ಗೆ ಹಾಲಿನ ವ್ಯಾನು ಕೇಳಿತು. ಬೀಸುಕಲ್ಲು ಮಾರುವ ಟೆಂಪೋ, ಐಸ್‌ಕ್ರೀಮಿನ ಗಾಡಿ, ಆಟೋಗಳು, ಎಲ್ಲವೂ ದುಂಡಪ್ಪನ ದನಿಯಲ್ಲಿ, "ರೇವ್ಯಾ, ಉಂಡೀ ಏನೋ?" ಒಂದು ಮದುವೆಯ ದಿಬ್ಬಣದ ಮುಂದೆ ಹೋಗುತ್ತಿದ್ದ ಸೌಂಡಿನ ಗಾಡಿ ಹಾಡು ನಿಲ್ಲಿಸಿ ಅದನ್ನು ಎಷ್ಟು ಜೋರಾಗಿ ಕೇಳಿತೆಂದರೆ, ಮದುಮಗನ ಹೆಸರೂ ರೇವಪ್ಪನೇ ಆಗಿದ್ದರಿಂದ, ಬೀಗರು ಗಾಬರಿಯಾಗಿ ಅವನನ್ನು ಕುದುರೆಯಿಂದ ಇಳಿಸಿ ಮೊದಲು ಊಟಕ್ಕೆ ಕೂರಿಸಿದರು. ಜಿಲ್ಲೆಯಲ್ಲಿದ್ದ ರೇವಪ್ಪಗಳೆಲ್ಲ ರಸ್ತೆಗೆ ಬಂದು ಓ ಓ ಅಂದರು. ಪೆಟ್ಟಿಗೆಗೆ ಭಜನೆಯ ಕ್ಯಾಸೆಟ್ಟಿನ ದನಿ ಗೊತ್ತು. ಅದು ಯಾರನ್ನೂ ಒಪ್ಪಲಿಲ್ಲ.

ಪೊಲೀಸರ ಜೀಪೂ ಕೇಳಿದ ಮೇಲೆ ಒಬ್ಬ ಹವಾಲ್ದಾರರು ದುಂಡಪ್ಪನ ಮನೆಗೆ ಬಂದರು.

"ಯಾರಪ್ಪಾ ರೇವ್ಯಾ ಅಂದ್ರ? ಸಾಹೇಬರು ಜೀಪಿನಾಗ ಕುಂದ್ರವಲ್ರು."

"ನನ್ನ ತಮ್ಮರೀ," ಎಂದ ದುಂಡಪ್ಪ.

"ಆ ಪತ್ರಾಸಿನ ಮನಿಯಾಂವೇನು? ಮತ್ತ ಹೋಗಿ ಕೇಳಿ ಬಾರಲಾ. ಇಲ್ಲಿಂದ ಒಂದ ಹರದಾರಿನೂ ಇಲ್ಲ ಅವನ ಮನಿ."

ಒಳಗಿನಿಂದ ನೀಲವ್ವ ಹೇಳಿದಳು: "ಹೋಗಾಕ ಆಗತಿದ್ರ ಈ ಪೆಟ್ಟಿಗಿ ಯಾಕ ಮಾಡತಿದ್ರರೀ ಸಾಹೇಬ್ರ?"

ಹವಾಲ್ದಾರರು ಚಹಾ ಕುಡಿದು ಹೋದರು.

ಇತ್ತ ರೇವಪ್ಪನಿಗೆ ಬದುಕು ಕಷ್ಟವಾಯಿತು. ಅವನು ಉಂಡರೆ ಕೂಗು ನಿಲ್ಲುತ್ತದೆ ಎಂದು ಜನ ತಿಳಿದರು. ಹಾದಿಗುಂಟ ಹೆಂಗಸರು ರೊಟ್ಟಿ ಹಿಡಿದು ನಿಂತರು. ಬಸ್ಸಿನ ಕಂಡಕ್ಟರು ಬಸ್ಸು ನಿಲ್ಲಿಸಿ, ಇಳಿದು ಬಂದು, ಅವನ ಟ್ರ್ಯಾಕ್ಟರಿನ ಮೇಲೆ ಎರಡು ಬನ್ನು ಇಟ್ಟು ಹೋದ. ಕಾಲುವೆಯ ಮೇಲಿನ ಸೇತುವೆ ರಿಪೇರಿಗೆಂದು ಬಂದ ಕೂಲಿಗಳು ಕೂಡ ಬುಟ್ಟಿ ಕೆಳಗಿಟ್ಟು, "ಉಣ್ಣಪಾ, ಉಂಡ ಬಿಡು" ಎಂದು ಕೈಮುಗಿದರಂತೆ.

"ನಾ ಉಂಡಿಲ್ಲಂತ ಯಾರಂದ್ರು ನಿಮಗ?" ಎಂದು ರೇವಪ್ಪ ಎಲ್ಲರಿಗೂ ಬೈದ. ಬನ್ನು ನಾಯಿಗೆ ಹಾಕಿದ.

ಆ ಸೇತುವೆಯ ರಿಪೇರಿಯಿಂದಲೇ ಮುಂದಿನದು ನಡೆದದ್ದು. ಸೇತುವೆ ಕಿತ್ತರು, ಸುತ್ತುದಾರಿ ಮುಚ್ಚಿತು. ನಾಲ್ಕು ವರ್ಷದ ಮೇಲೆ ರೇವಪ್ಪ ಎರಡು ತುಂಬಿದ ಟ್ರೇಲರ್ ಎಳೆದುಕೊಂಡು ಕೆಮ್ಮಣ್ಣೇರಿನ ಬುಡಕ್ಕೆ ಬಂದು ನಿಂತ.

*

ನಾನು ಅವನ ಹಿಂದೆಯೇ ಇದ್ದೆ. ನನ್ನ ಹಿಂದೆ ಮಲಕಾರಿ, ಅವನ ಹಿಂದೆ ಇನ್ನಷ್ಟು ಗಾಡಿ. ರೇವಪ್ಪ ಒಂದು ಸಲ ಏರಿಗೆ ಹಾಕಿ ನೋಡಿದ. ಮುಂದಿನ ಗಾಲಿ ಎದ್ದವು. ಇಳಿಸಿದ. ಮತ್ತೆ ಹಾಕಿದ. ಮತ್ತೆ ಎದ್ದವು. ಯಾರೂ ಸರಪಳಿ ತೆಗೆಯಲಿಲ್ಲ. ತೆಗೆಯುವ ಹಾಗಿರಲಿಲ್ಲ. ಅರ್ಧಕ್ಕೆ ನಿಂತ ಎಳೆತ ಅದು, ಮೂರನೆಯವರಿಗೆ ಅಲ್ಲಿ ಕೆಲಸವಿಲ್ಲ. ಹಿಂದಿನ ಗಾಡಿಗಳ ಸ್ಪೀಕರುಗಳು ಮಾತ್ರ ಒಂದಾದ ಮೇಲೊಂದು ಕೇಳುತ್ತಿದ್ದವು: "ರೇವ್ಯಾ, ಉಂಡೀ ಏನೋ? ರೇವ್ಯಾ, ಉಂಡೀ ಏನೋ?" ರೇವಪ್ಪ ಸ್ಟೇರಿಂಗಿನ ಮೇಲೆ ತಲೆ ಇಟ್ಟು ಕೂತ.

ಏರಿನ ಮೇಲಿನಿಂದ ದುಂಡಪ್ಪನ ಟ್ರ್ಯಾಕ್ಟರ್ ಇಳಿದು ಬಂತು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ಖಾಲಿ ಬರುತ್ತಿದ್ದ. ತಮ್ಮನನ್ನು ನೋಡಿದ. ತನ್ನ ಟ್ರೇಲರುಗಳನ್ನು ಬದಿಗೆ ಬಿಚ್ಚಿ ನಿಲ್ಲಿಸಿದ, ಸರಪಳಿ ತೆಗೆದ, ತಮ್ಮನ ಟ್ರ್ಯಾಕ್ಟರಿನ ಮುಂದೆ ನೆಲದ ಮೇಲೆ ಇಟ್ಟ. ಕೊಂಡಿಗೆ ಹಾಕಲಿಲ್ಲ. ಹಾಕುವುದು ಎಳೆಸಿಕೊಳ್ಳುವವನ ಕೆಲಸ.

ಬಹಳ ಹೊತ್ತಾದ ಮೇಲೆ ರೇವಪ್ಪ ಇಳಿದ. ಕುಂಟುತ್ತ ಬಂದು ಸರಪಳಿ ಎತ್ತಿ ಹಾಕಿದ. ಹಾಕಿ, ನನ್ನ ಕಡೆ ತಿರುಗಿ, ಅಣ್ಣನಿಗೆ ಕೇಳಲಿ ಎಂದು ಹೇಳಿದ: "ಕಾಡಪ್ಪಣ್ಣಾ, ಮುಂದಿನವಗ ಹೇಳು. ಈ ಸಲ ಟವೆಲ್ ಬೀಸೂದಿಲ್ಲ ನಾ. ನೋಡೂದಿಲ್ಲ ಅಂವ."

"ಹಿಂದಿನವಗ ಹೇಳು," ಎಂದ ದುಂಡಪ್ಪ, ಅವನೂ ನನಗೇ. "ಅದಕ್ಕ ಪೆಟ್ಟಿಗಿ ಮಾಡೀನಿ ಅಂತ ಹೇಳು."

ನಾನು ನನ್ನ ಪೆಟ್ಟಿಗೆ ಬಿಚ್ಚಿ ರೇವಪ್ಪನ ಟ್ರ್ಯಾಕ್ಟರಿಗೆ ಕಟ್ಟಿದೆ. ರೇವಪ್ಪ ಬೇಡ ಅನ್ನಲಿಲ್ಲ. ಅದರ ಕಡೆ ನೋಡಲೂ ಇಲ್ಲ. ಪೆಟ್ಟಿಗೆ ಗೊರಗೊರ ಅಂದು ತನ್ನ ಪ್ರಶ್ನೆ ಕೇಳಿತು. ಅವನು ಗೇರು ಹಾಕಿದ.

ಜೋಡಿ ಏರಲು ಹತ್ತಿತು. ದುಂಡಪ್ಪ ಟೇಪು ಬಂದ್ ಮಾಡಿದ್ದ. ನಾನು ಒಂದು ಕಲ್ಲು ಹಿಡಿದು ಹಿಂದಿನ ಟ್ರೇಲರಿನ ಬದಿಗೆ ನಡೆಯುತ್ತಿದ್ದೆ. ಅರ್ಧ ಏರಿನಲ್ಲಿ, ಹಿಂದೆ ಎಲ್ಲಿ ಉರುಳಿತ್ತೋ ಹೆಚ್ಚುಕಡಿಮೆ ಅಲ್ಲೇ, ಟ್ರೇಲರಿನ ಪಿನ್ನು ಕುಣಿಯತೊಡಗಿತು. ನಾನು ಕೂಗಿದೆ. ರೇವಪ್ಪ ತಿರುಗಿ ನೋಡಿದ.

"ನಿಂದ್ರಸೋ!" ಎಂದು ಮುಂದಕ್ಕೆ ಒದರಿದ.

ಎರಡು ಇಂಜಿನ್ನಿನ ಸಪ್ಪಳದಲ್ಲಿ ಅದು ನನಗೇ ಅರ್ಧ ಕೇಳಿತು. ಪೆಟ್ಟಿಗೆ ಹೇಳಿತು: "ರೇವ್ಯಾ, ಉಂಡೀ ಏನೋ?"

"ನಿಂದ್ರಸ ಅಂತ ಹೇಳೋ ಅವಗ!"

"ರೇವ್ಯಾ, ಉಂಡೀ ಏನೋ?"

ಮೊದಲು ಕೇಳಿದ್ದಕ್ಕೆ ಓ ಅನ್ನದೆ ಅವನ ಮಾತು ಹೊರಗೆ ಹೋಗುವುದಿಲ್ಲ. ನನಗೆ ಅದು ನೆನಪಾಗಿ, "ಓ ಅನ್ನೋ, ಮೊದಲ ಓ ಅನ್ನು" ಎಂದು ಅರಚಿದೆ. ಪಿನ್ನು ಅರ್ಧ ಮೇಲೆ ಬಂದಿತ್ತು. ರೇವಪ್ಪ ಪೆಟ್ಟಿಗೆಯನ್ನು ನೋಡಿದ, ಮುಂದೆ ಹೋಗುತ್ತಿದ್ದ ಅಣ್ಣನ ಬೆನ್ನನ್ನು ನೋಡಿದ. ದವಡೆ ಬಿಗಿಹಿಡಿದಿದ್ದ. ಅವರವ್ವನ ಹಟ ಪೆಟ್ಟಿಗೆಯಲ್ಲಿ ಅರ್ಧ, ಅವನಲ್ಲಿ ಅರ್ಧ.

"ರೇವ್ಯಾ, ಉಂಡೀ—"

"ಓ!" ಎಂದ ರೇವಪ್ಪ. "ಓ ಅಣ್ಣಾ! ಉಂಡಿಲ್ಲೋ, ಇನ್ನಾ ಉಂಡಿಲ್ಲ! ಮೊದಲ ಗಾಡಿ ನಿಂದ್ರಸು!"

ಆ ಮಾತು ದುಂಡಪ್ಪನ ಸ್ಪೀಕರಿನಿಂದಲೂ, ಹಿಂದೆ ನಿಂತ ಎಲ್ಲ ಟ್ರ್ಯಾಕ್ಟರುಗಳಿಂದಲೂ, ಕೆಳಗಿನ ರಸ್ತೆಯ ಬಸ್ಸಿನಿಂದಲೂ ಒಟ್ಟಿಗೇ ಬಂತು. ಏರಿಗೆ ಏರೇ ಒದರಿದ ಹಾಗಾಯಿತು. ದುಂಡಪ್ಪ ಬ್ರೇಕು ತುಳಿದ. ನಾನು ಗಾಲಿಗೆ ಕಲ್ಲು ಕೊಟ್ಟೆ. ಪಿನ್ನು ಬಡಿದು ಕೂರಿಸಿದೆವು. ಆಮೇಲೆ ಎಳೆತ ಪೂರ್ತಿಯಾಯಿತು.

ಏರಿನ ಮೇಲೆ ಗಾಡಿ ನಿಲ್ಲಿಸಿದಾಗ ಎಲ್ಲ ಕಡೆ ಸುಮ್ಮನಿತ್ತು. ರಸ್ತೆಯ ಯಾವ ಗಾಡಿಯೂ 'ಉಂಡೀ ಏನೋ' ಅನ್ನುತ್ತಿರಲಿಲ್ಲ. ಸರಪಳಿ ಬಿಚ್ಚುತ್ತ ರೇವಪ್ಪ ಕೇಳಿದ:

"ಅವತ್ತ ಖರೇನ ಕೇಳಿರಲಿಲ್ಲೇನು?"

"ಇಲ್ಲೋ."

"ಹೂಂ," ಎಂದ ರೇವಪ್ಪ. "ಇವತ್ತ ಇಡೀ ಜಿಲ್ಲಾಕ ಕೇಳೈತಿ ಬಿಡು."

ದುಂಡಪ್ಪ ಟೂಲ್‌ಬಾಕ್ಸಿನಿಂದ ಬುತ್ತಿ ತೆಗೆದ. ಇಬ್ಬರೂ ರಸ್ತೆಯ ಬದಿಯ ಜಾಲಿಯ ನೆರಳಿನಲ್ಲಿ ಕೂತರು. ಶೇಂಗಾ ಚಟ್ನಿ ಖಾರವಾಗಿದೆ ಎಂದು ತಮ್ಮ, ಕಟ್ಟಿಕೊಟ್ಟ ನಿಮ್ಮ ವೈನಿಗೆ ಹೇಳು ಎಂದು ಅಣ್ಣ. ಬುತ್ತಿ ಇಬ್ಬರಿಗಾಗುವಷ್ಟೇ ಇತ್ತು, ಎಂದಿನ ಹಾಗೆ. ನನ್ನ ಗಾಡಿ ಇನ್ನೂ ಏರಿನ ಕೆಳಗಿತ್ತು. ನಾನು ಪೆಟ್ಟಿಗೆ ಬಿಚ್ಚಿಕೊಂಡು ಇಳಿದು ಹೋದೆ.

*

ಕಬ್ಬಿನ ಸುಗ್ಗಿ ಈಗ ಮುಗಿಯುತ್ತ ಬಂದಿದೆ. ಕಡಿದ ಹೊಲಗಳಲ್ಲಿ ಒಣಗಿದ ಎಲೆಯ ರವದಿಗೆ ಬೆಂಕಿ ಇಟ್ಟಿದ್ದಾರೆ, ಸಂಜೆ ಹೊಗೆ ನೆಲಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಹವಾಲ್ದಾರರು ಹೇಳಿದ ಮೇಲೆ ದುಂಡಪ್ಪ ಎಲ್ಲ ಪೆಟ್ಟಿಗೆಗಳನ್ನೂ ಬಿಚ್ಚಿಸಿದ. ತನ್ನದೂ ನನ್ನದೂ ಎರಡನ್ನೇ ಉಳಿಸಿ, ಹಟವನ್ನು ತೀರ ಕೆಳಕ್ಕೆ ಇಳಿಸಿದ. ಈಗ ಅವು ಬೇರೆ ಯಾರ ಗಾಡಿಗೂ ಹೋಗುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ, ಓ ಅನ್ನುವವರೆಗೆ ಕೇಳುವುದನ್ನು ಮಾತ್ರ ಬಿಟ್ಟಿಲ್ಲ. ಮಲಕಾರಿಯ ಎಮ್ಮೆ ವಾಪಸು ಬಂದಿದೆ. ಬಾಳಪ್ಪನ ಮನೆಯಲ್ಲೂ ಅದು ಬರೇ ತಿಂದಿತಂತೆ.

ಕಾರ್ಖಾನೆಯ ಸಾಲಿನಲ್ಲಿ ಅಣ್ಣತಮ್ಮಂದಿರ ಗಾಡಿಗಳು ಹಿಂದೆಮುಂದೆ ನಿಲ್ಲುತ್ತವೆ. ನಾನು ಎರಡು ಗಾಡಿ ಬಿಟ್ಟು ನಿಲ್ಲುತ್ತೇನೆ. ಕಾರ್ಖಾನೆಯ ಮುಂದಿನ ಅಂಗಡಿಯಲ್ಲಿ ಚುರುಮುರಿ ಸಿಗುತ್ತದೆ, ಕೆಟ್ಟದ್ದೇನಲ್ಲ.

ಹೋದ ವಾರ ಹೀಗೇ ಚುರುಮುರಿಯ ಕಾಗದ ಹಿಡಿದು ಸೀಟಿನ ಮೇಲೆ ಕೂತಿದ್ದಾಗ ಪೆಟ್ಟಿಗೆ ಗೊರಗೊರ ಅಂದಿತು. ದುಂಡಪ್ಪನ ದನಿ: "ಕಾಡಪ್ಪಾ, ಉಂಡೀ ಏನೋ?"

ಆ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿ ಬಹಳ ದಿನವಾಗಿತ್ತು. ಬಾಯಿ ತೆರೆದೆ. ತೆರೆದವನು ಹಾಗೇ ಮುಚ್ಚಿದೆ.

ಸ್ವಲ್ಪ ಹೊತ್ತು ಬಿಟ್ಟು ಅದು ಮತ್ತೆ ಕೇಳಿತು. ಖಾಲಿ ಟ್ರೇಲರ್ ಎಳೆದುಕೊಂಡು ಮರಳಿ ಬರುವಾಗ ದಾರಿಯುದ್ದಕ್ಕೂ ಕೇಳಿತು. ಬೆಳಿಗ್ಗೆ ಚಾವಿ ತಿರುಗಿಸಿದ ಕೂಡಲೇ ಕೇಳುತ್ತದೆ. ಕೆಮ್ಮಣ್ಣೇರಿನ ತಿರುವಿನಲ್ಲಿ ಕೇಳುತ್ತದೆ. ಮೆಲ್ಲಗೆ, ನನ್ನೊಬ್ಬನಿಗೇ ಕೇಳುವಷ್ಟು.

ನಿನ್ನೆ ದುಂಡಪ್ಪ ಬೇಲಿಯ ಆಚೆಯಿಂದ ವಿಚಾರಿಸಿದ: "ಏನೋ, ಅವತ್ತ ನಿನಗ ಒಂದ ಮಾತ ಕೇಳಿದ್ದೆ. ಮುಟ್ಟಲಿಲ್ಲೇನು?"

"ಇಲ್ಲಲಾ," ಎಂದೆ. "ನಿನ್ನ ಪೆಟ್ಟಿಗಿ ಕೆಟ್ಟೈತಿ."

"ತಾ, ನೋಡತೀನಿ."

"ಸುಗ್ಗಿ ಮುಗೀಲಿ."

ಓ ಅನ್ನದೆ ನನ್ನ ಮಾತೂ ಹೊರಗೆ ಹೋಗುವುದಿಲ್ಲ, ಅದು ಗೊತ್ತು. ಹೇಳುವಂಥದ್ದೂ ಏನಿಲ್ಲ. ಕೆಮ್ಮಣ್ಣೇರಿನ ಎಳೆತಗಳನ್ನೆಲ್ಲ ಈ ಸುಗ್ಗಿಯಲ್ಲಿ ತೀರಿಸಿದ್ದೇನೆ, ನನ್ನ ಮೇಲೆ ಯಾರ ಮುಯ್ಯವೂ ಇಲ್ಲ. ದುಂಡಪ್ಪನಿಗೆ ಕೊಡಬೇಕಾದ ಒಂದು ಓ ಮಾತ್ರ ಬಾಕಿ ಇದೆ. ಅದನ್ನು ತೀರಿಸುವ ಅವಸರ ನನಗಿಲ್ಲ.